ತಿರುಗಿಸಲು ಇನ್ನೊಂದು ಜೊತೆ ಕೈ

ತರೀಕೆರೆಯ ನಮ್ಮ ಬೀದಿಯಲ್ಲಿ ಮುಸ್ಲಿಂ ಹೆಂಗಸರು ಸತ್ತರೆ ಮೈ ತೊಳೆಯುತ್ತಿದ್ದವಳು ಒಬ್ಬಳೇ. ಹೆಣ ಮುಟ್ಟುವ ಕೈ ಎಂದು ಅವಳನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಧರ್ಮದಲ್ಲಿ ಹಾಗೆ ಎಲ್ಲಿಯೂ ಇಲ್ಲ. ಆದರೂ ನಾನು ಸೊಸೆಯಾಗಿ ಬಂದಾಗ, ಅಡುಗೆಮನೆಯ ಡಬ್ಬಿಗಳನ್ನು ತೋರಿಸಿದಷ್ಟೇ ಸಹಜವಾಗಿ ಇದನ್ನೂ ಹೇಳಿಕೊಟ್ಟಿದ್ದರು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವಳೇ ತೀರಿಕೊಂಡಳು. ಅಷ್ಟರಲ್ಲಿ ನಮ್ಮ ನಾದಿನಿಗೆ ಅರಿಶಿನ ಹಚ್ಚಿ ಆಗಿತ್ತು. ಶುಕ್ರವಾರ ನಿಕಾಹ್, ಬೀಗರು ಅಜ್ಜಂಪುರದವರು. ಅತ್ತೆಯೂ ನಾನೂ ಸತ್ತವಳ ಮನೆಗೆ ಹೋದಾಗ ಹಿತ್ತಿಲಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಹಂಡೆಯಲ್ಲಿ ಎಲಚಿ ಎಲೆ ಹಾಕಿದ ನೀರು ಕಾದು, ಆರಿ, ಮತ್ತೆ ಕಾಯುತ್ತಿತ್ತು. ಬೇಗ ಮಣ್ಣು ಮಾಡಬೇಕೆಂದು ಗಂಡಸರು ಹೊರಗೆ ನಿಂತು ಕೆಮ್ಮುತ್ತಿದ್ದರು.

"ಬೀರೂರಿಂದ ಯಾರನ್ನಾದ್ರೂ ಕರೆಸೋಣ. ರೈಲಿಗೆ ಹೊರಟ್ರೆ ಸಂಜೆಗೆ ಬತ್ತಾರೆ," ಎಂದಳು ಪಕ್ಕದ ಮನೆಯಾಕೆ.

"ಈ ಬಿಸಿಲಲ್ಲಿ ಸಂಜೆ ತನಕ ಅಮ್ಮೀನ ಹಿಂಗೇ ಮಲಗ್ಸಿರ್ಲಾ?" ಎಂದಳು ಸತ್ತವಳ ಮಗಳು. "ನಾನೇ ತೊಳೀತೀನಿ. ಮೈ ತಿರುಗ್ಸೋಕೆ ಇನ್ನೊಂದು ಜೊತೆ ಕೈ ಬೇಕು, ಅಷ್ಟೇ. ಒಬ್ಬಳ ಕೈಲಿ ಆಗಲ್ಲ."

ಯಾರೂ ಏಳಲಿಲ್ಲ. ಒಬ್ಬಳು ಸೊಂಟ ಹಿಡಿದುಕೊಂಡಳು. ಇನ್ನೊಬ್ಬಳು ಮಲಗಿದ್ದ ಮಗುವನ್ನು ಎತ್ತಿ ತಟ್ಟತೊಡಗಿದಳು. ನಾನು ಆರು ತಿಂಗಳ ಬಸುರಿ, ನನ್ನತ್ತ ಯಾರೂ ನೋಡಲಿಲ್ಲ.

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಅತ್ತೆಯತ್ತ ತಿರುಗಿದಳು. ಅತ್ತೆ ಬೀದಿಯ ಹುಡುಗಿಯರಿಗೆ ಕುರಾನ್ ಓದಿಸುತ್ತಿದ್ದರು. "ದಿನಾ ಹೇಳ್ಕೊಡ್ತೀಯಲ್ಲಮ್ಮ, ಎಲ್ಲಾರೂ ಆದಮರ ಮಕ್ಕಳು, ಆದಮರು ಮಣ್ಣಿಂದಾದೋರು ಅಂತ. ಇವಳದ್ಯಾವ ಮಣ್ಣು, ಅದನ್ನೂ ಹೇಳ್ಬಿಡು."

ಯಾರೋ ಕಿಸಕ್ಕೆಂದು ನಕ್ಕು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅತ್ತೆ ಎದ್ದರು. "ಅರಿಶಿನದ ಮನೆಯೋರು ಕಣ್ರೀ ನೀವು. ಬೀಗರಿಗೆ ಗೊತ್ತಾದ್ರೆ?" ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. ಅತ್ತೆ ಬಳೆಗಳನ್ನು ಮೇಲಕ್ಕೆ ಸರಿಸುತ್ತಿದ್ದರು. ಅವು ಮತ್ತೆ ಮಣಿಕಟ್ಟಿಗೆ ಇಳಿಯುತ್ತಿದ್ದವು.

ಮರೆಯ ಸಂದಿಯಲ್ಲಿ ನಿಂತು ನಾನು ನೀರಿನ ಚೊಂಬು ಕೊಡುತ್ತಿದ್ದೆ. ಬಲಗಡೆ ಮೊದಲು. ಹೊದಿಸಿದ ಬಟ್ಟೆ ಜಾರಬಾರದು, ಅದರ ಅಡಿಯಲ್ಲೇ ಕೈಯಾಡಿಸಿ ತೊಳೆಯಬೇಕು. ಸತ್ತ ಮೇಲೂ ಮೈಗೆ ಮಾನವಿದೆ. ಅತ್ತೆ ಹೆಗಲ ಕೆಳಗೆ ಕೈ ಕೊಟ್ಟು ಎಡಕ್ಕೆ ತಿರುಗಿಸಿದರು. ಅವರ ಉಗುರುಗಳಲ್ಲಿ ಇನ್ನೂ ಅರಿಶಿನವಿತ್ತು.

"ಮೆಲ್ಲಗೆ ಖಾಲಾ, ನೋಯುತ್ತೆ," ಎಂದಳು ಮಗಳು.

ತೊಳೆದು, ಒರೆಸಿ, ಕರ್ಪೂರ ಹಚ್ಚಿದ ಮೇಲೆ ಅತ್ತೆ ತಲೆ ಎತ್ತದೆ ಹೇಳಿದರು: "ಶುಕ್ರವಾರ ನೀನು ನಮ್ಮನೇಗೆ ಬರ್ಬೇಕು ಬೇಟಿ."

ಅವಳು ತಾಯಿಯ ಕೂದಲು ಸರಿಮಾಡುತ್ತಿದ್ದಳು. "ಅಮ್ಮೀನ ಒಂದ್ಸಲಾನೂ ಕರೀದಿದ್ದ ಮನೆಗೆ ಹೆಂಗೆ ಬರ್ಲಿ ಖಾಲಾ?"

ಕೋಪದ ಮಾತಲ್ಲ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಹೊರಗಿನಿಂದ "ಆಯ್ತೇನಮ್ಮಾ?" ಎಂದು ಗಂಡಸರು ಕೂಗಿದರು. ಕಫನ್ನಿನ ಬಿಳಿ ಬಟ್ಟೆಯ ಒಂದು ಅಂಚು ಅವಳ ಕೈಯಲ್ಲಿತ್ತು, ಇನ್ನೊಂದು ಅತ್ತೆಯ ಕೈಯಲ್ಲಿ. ಇಬ್ಬರಲ್ಲಿ ಯಾರೂ ಮೊದಲು ಮಡಿಸಲಿಲ್ಲ.