ಸಿದ್ರಾಮ ಮಿಸ್ತ್ರಿಯ ಅಡ್ಡ ಸಲಾಕಿ

ಸಿದ್ರಾಮ ಮಿಸ್ತ್ರಿ ತನ್ನ ಎಡಗಡೆ ಯಾರನ್ನೂ ಕೂಡಿಸಿಕೊಳ್ಳುತ್ತಿರಲಿಲ್ಲ. ಚಹಾದಂಗಡಿಯ ಬೆಂಚಿರಲಿ, ಮದುವೆಮನೆಯ ಪಂಕ್ತಿಯಿರಲಿ, ಕುಳಿತೊಡನೆ ತಲೆಯ ಮೇಲಿನ ಟೋಪಿ ತೆಗೆದು ಎಡಬದಿಗೆ ಇಟ್ಟುಬಿಡುತ್ತಿದ್ದ. ಮೋಟಾರಿನ ಎಣ್ಣೆ ಕುಡಿದು ಕುಡಿದು ಚರ್ಮದಂತಾಗಿದ್ದ ಆ ಟೋಪಿಯನ್ನು ಸರಿಸಿ ಕೂಡುವ ಧೈರ್ಯ ಆಳಂದದಲ್ಲಿ ಯಾರಿಗೂ ಇರಲಿಲ್ಲ. ಒಮ್ಮೆ ಪಂಕ್ತಿಯಲ್ಲಿ ಬಡಿಸುವವರು ಅರಿಯದೆ ಟೋಪಿಯ ಮುಂದೆಯೂ ಒಂದು ಎಲೆ ಹಾಕಿ ಹೋಳಿಗೆ ಬಡಿಸಿದ್ದರು. ಎಲ್ಲರೂ ನಕ್ಕರು. ಮಿಸ್ತ್ರಿ ನಗಲಿಲ್ಲ. ಆ ಎಲೆಯನ್ನು ಕೊನೆಯವರೆಗೂ ಎತ್ತಗೊಡಲೂ ಇಲ್ಲ.

ನಾನು ಜೇವರ್ಗಿಯವನು. ಆಳಂದದ ಶಾಲೆಗೆ ಮಾಸ್ತರನಾಗಿ ಬಂದ ಹೊಸದರಲ್ಲಿ ನನಗೆ ಅಲ್ಲಿ ನಾಯಿಯ ಪರಿಚಯವೂ ಇರಲಿಲ್ಲ. ಕನ್ನಡದಲ್ಲಿ ಬೈಸಿಕೊಂಡು ಬೆಳೆದವನು ಆಗಿನ ಸರ್ಕಾರದ ನಿಯಮದಂತೆ ಉರ್ದುವಿನಲ್ಲಿ ಲೆಕ್ಕ ಕಲಿಸಬೇಕಾಗಿತ್ತು. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟರೆ ಮರುದಿನ ಬೆಳಗಿನವರೆಗೆ ನನ್ನ ಹೆಸರು ಹಿಡಿದು ಕೂಗುವವರಿಲ್ಲ. ನನ್ನ ಬಾಡಿಗೆ ಕೋಣೆಯ ಎದುರಿಗೇ ಮಿಸ್ತ್ರಿಯ ತಗಡಿನ ಶೆಡ್ಡು ಇತ್ತು. ಒಂದು ದಿನ ಬೇಸರ ತಾಳಲಾರದೆ ಹೋಗಿ ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತೆ. ಆತ ತಲೆಯೆತ್ತಿ ನೋಡಿ, "ಬಲಕ್ಕ ಸರೀರಿ" ಎಂದ. ಸರಿದೆ. ನಮ್ಮ ಗೆಳೆತನ ಹುಟ್ಟಿದ್ದು ಹೀಗೆ.

ಸರಸಂಬಾದ ಕಂಬಾರರ ಮನೆತನ ಅವನದು. ಸೋಲಾಪುರದ ಒಂದು ಗ್ಯಾರೇಜಿನಲ್ಲಿ ದುಡಿದು ಮೋಟಾರು ವಿದ್ಯೆ ಕಲಿತು ಬಂದಿದ್ದ. ಇಂಜಿನ್ನಿಗೆ ಕೋಲೊಂದನ್ನು ಆನಿಸಿ, ಕೋಲಿನ ತುದಿಗೆ ಕಿವಿ ಹಚ್ಚಿ, ಡಾಕ್ಟರನಂತೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ. ಆಮೇಲೆ, "ಇದಕ್ಕ ನೆಗಡಿ ಆಗ್ಯಾದ ನೋಡ್ರಿ" ಅಂತಲೋ, "ಇದು ಬ್ಯಾನಿ ಅಲ್ಲ, ಮೈಗಳ್ಳತನ" ಅಂತಲೋ ತೀರ್ಪು ಕೊಡುತ್ತಿದ್ದ. ಮನುಷ್ಯರ ಬಗ್ಗೆ ಇಷ್ಟು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಮಾತಿಗೆ ಬಂದವರು ಅವನ ಮೌನಕ್ಕೆ ಹೆದರಿ ಹೊರಟುಹೋಗುತ್ತಿದ್ದರು. ನನಗೆ ಹೋಗಲು ಬೇರೆ ಜಾಗವಿರಲಿಲ್ಲ, ಕುಳಿತೇ ಇರುತ್ತಿದ್ದೆ.

ಶೆಡ್ಡಿನ ಮೂಲೆಯಲ್ಲಿ ಗೋಣಿತಟ್ಟು ಹೊದ್ದುಕೊಂಡು ಒಂದು ಸಣ್ಣ ಮೋಟಾರು ನಿಂತಿರುತ್ತಿತ್ತು. ಅಫಜಲಪುರದ ಕಡೆಯ ಒಬ್ಬ ಜಮೀನ್ದಾರರದು. ಮೇಲಿನ ಹೊದಿಕೆ, ಬಾಗಿಲು, ಮಡ್‌ಗಾರ್ಡು ಎಲ್ಲ ಕಿತ್ತು ಹಾಕಿ ಎರಡು ಸೀಟು, ನಾಲ್ಕು ಗಾಲಿ, ಒಂದು ಇಂಜಿನ್ನು ಮಾತ್ರ ಉಳಿಸಿದ್ದರು. ಒಂದು ಜೋಡಿ ಎತ್ತು ಅದಕ್ಕಿಂತ ಹೆಚ್ಚು ತೂಗುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಭೀಮಾ ದಂಡೆಯ ಬಯಲಿನಲ್ಲಿ ಇಂಥ ನಾಲ್ಕಾರು ಜಮೀನ್ದಾರರು ತಮ್ಮ ತಮ್ಮ ಮೋಟಾರು ತಂದು ಓಟದ ಶರ್ಯತ್ತು ಕಟ್ಟುತ್ತಿದ್ದರು. ಈ ಮೋಟಾರನ್ನು ಓಡಿಸುವವನು ನಮ್ಮ ಮಿಸ್ತ್ರಿ.

ಬಯಲಿನ ಸುತ್ತು ಎಲ್ಲ ಎಡಕ್ಕೇ ತಿರುಗುವುದು. ಹಗುರ ಮೋಟಾರು ಜೋರಿನಲ್ಲಿ ಎಡಕ್ಕೆ ತಿರುಗಿದಾಗ ಮೈಯೆಲ್ಲ ಬಲಕ್ಕೆ ವಾಲಿ, ಎಡಗಾಲಿಗಳು ನೆಲ ಬಿಡುತ್ತಿದ್ದವು. ಅದಕ್ಕೆ ಡ್ರೈವರನ ಎಡಗಡೆ ಒಬ್ಬನನ್ನು ಕೂಡಿಸುವ ರೂಢಿ. ತಿರುವು ಬಂದಾಗ ಅವನು ಸೊಂಟದವರೆಗೆ ಹೊರಗೆ ಬಾಗಿ ನೇತಾಡಬೇಕು, ಅವನ ಭಾರಕ್ಕೆ ಗಾಲಿ ನೆಲ ಕಚ್ಚಬೇಕು. ಎಲ್ಲ ಜಮೀನ್ದಾರರ ಹತ್ತಿರವೂ ಇಂಥದೊಂದು ನೇತಾಡುವ ಪ್ರಾಣಿ ಇತ್ತು.

ಆ ವರ್ಷ ಈ ಮೋಟಾರಿನ ಜಮೀನ್ದಾರರು ಶೆಡ್ಡಿಗೇ ಬಂದು ನಿಂತರು. ನಾನು ಅಲ್ಲೇ ಇದ್ದೆ.

"ಮಿಸ್ತ್ರಿ, ಹೋದ ವರ್ಷ ಎಡಗಡಿ ಜ್ವಾಳದ ಚೀಲ ಕಟ್ಕೊಂಡು ಓಡ್ಸಿ ನನ್ನ ಮಾನಾ ಕಳದಿ. ಈ ಸಲ ಮನಷ್ಯಾ ಕೂಡಬೇಕು."

"ಮನಷ್ಯಾ ಬ್ಯಾಡ್ರಿ ಧಣಿ. ವಾಲಬಾರ್ದಂತ ಗಾಡಿಗೇ ಬುದ್ಧಿ ಕಲಸ್ತೇನಿ."

"ಕಲಸು. ಶರ್ಯತ್ತಿನ ತನಕ ಟೈಮ್ ಅದ. ಆಗಲಿಲ್ಲ ಅಂದ್ರ ಮನಷ್ಯಾನೂ ಕೂಡ್ತಾನ, ನಿನ್ನ ಜಾಗಾಕ ಬ್ಯಾರೆ ಡ್ರೈವರೂ ಬರ್ತಾನ."

ಅವರು ಹೋದ ಮೇಲೆ, ಒಬ್ಬ ಮನುಷ್ಯನನ್ನು ಕೂಡಿಸಿಕೊಂಡರೆ ಗಂಟೇನು ಹೋಗುತ್ತದೆ ಎಂದು ಕೇಳಿದೆ. ಮಿಸ್ತ್ರಿ ಟೋಪಿಯನ್ನು ಒಮ್ಮೆ ಮುಟ್ಟಿ ನೋಡಿ ಮೋಟಾರಿನ ಕೆಳಗೆ ಸೇರಿಕೊಂಡ.

ಸೋಲಾಪುರದಲ್ಲಿ ಒಂದು ದೊಡ್ಡ ಪರದೇಶಿ ಕಾರಿನ ಹೊಟ್ಟೆಯ ಕೆಳಗೆ ಅವನು ಒಂದು ಸಂಗತಿ ಕಂಡಿದ್ದನಂತೆ: ಎಡಗಾಲಿಯ ಕಡೆಯಿಂದ ಬಲಗಾಲಿಯ ಕಡೆಗೆ ಅಡ್ಡಲಾಗಿ ಹಾಯ್ದ, ಎರಡೂ ತುದಿಯನ್ನು ಒಂದೇ ಕಡೆಗೆ ಮಡಿಸಿದ ಒಂದು ಕಬ್ಬಿಣದ ಸಲಾಕಿ. ಅದು ಮೋಟಾರು ವಾಲದಂತೆ ಹಿಡಿಯುತ್ತದೆ ಎಂದಷ್ಟೇ ಗೊತ್ತು. ಸಲಾಕಿ ಎಷ್ಟು ದಪ್ಪ ಇರಬೇಕೆಂದು ಯಾರೂ ಹೇಳಿರಲಿಲ್ಲ. ಕಂಬಾರನ ಮಗ ಇನ್ನೇನು ಮಾಡುತ್ತಾನೆ? ಬಂಡಿಯ ಅಚ್ಚು ಬಾಗಬಾರದು ಎನ್ನುವುದು ಅವನ ಮನೆತನ ಕಲಿಸಿದ್ದ ಮೊದಲ ಪಾಠ. "ನಮ್ಮ ಅಜ್ಜ ಬಡದ ಅಚ್ಚು ಇನ್ನಾ ಸೆಟದೇ ನಿಂತಾವ್ರಿ" ಎಂದು ಹೆಮ್ಮೆಯಿಂದ ಹೇಳುತ್ತ, ಒಂದು ಹಳೆಯ ಬಂಡಿಯ ಅಚ್ಚನ್ನೇ ಕಾಸಿ, ಬಡಿದು, ತುದಿ ಮಡಿಸಿ, ಮೋಟಾರಿನ ಮುಂಭಾಗಕ್ಕೆ ಬಿಗಿದ. ನನ್ನ ಮುಂಗೈಯಷ್ಟು ದಪ್ಪವಿತ್ತು. ನನ್ನ ಮುಂಗೈ ಎಷ್ಟು ದಪ್ಪವೆಂದು ಜೇವರ್ಗಿಯಲ್ಲಿ ಕೇಳಿದರೂ ಹೇಳುತ್ತಾರೆ.

ಪರೀಕ್ಷೆಗೆ ಹಿರೋಳ್ಳಿ ದಾರಿಯ ಒಂದು ಬೋಳು ಹೊಲ ಗೊತ್ತುಮಾಡಿದ. ತಿರುವಿನಲ್ಲಿ ಮುಂದಿನ ಎಡಗಾಲಿ ಏನು ಮಾಡುತ್ತದೆಂದು ಎಡಸೀಟಿನಿಂದ ಒಬ್ಬರು ನೋಡಿ ಹೇಳಬೇಕಿತ್ತು. ನಾನು ಕೂಡುತ್ತೇನೆ ಎಂದೆ. ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ದಿನ ಒಪ್ಪಿ, ಸೆಣಬಿನ ಹಗ್ಗದಿಂದ ನನ್ನನ್ನು ಸೀಟಿಗೆ ಸುತ್ತಿ ಸುತ್ತಿ ಕಟ್ಟಿದ. "ಗಾಲಿ ಅಷ್ಟೇ ನೋಡ್ರಿ. ಮೈ ಹೊರಗ ಹಾಕಿದ್ರ ನಿಮ್ಮ ಮಾರಿ ನೋಡಂಗಿಲ್ಲ ನಾ" ಎಂದ. ಹೊರಗೆ ಬಾಗುವುದಿರಲಿ, ಉಸಿರಾಡುವುದೇ ಕಷ್ಟವಾಗಿತ್ತು.

ಮೋಟಾರು ಹೊರಟಿತು. ಮೊದಲ ತಿರುವಿಗೆ ಮಿಸ್ತ್ರಿ ಸ್ಟೇರಿಂಗು ಎಡಕ್ಕೆ ಎಳೆದ. ಮೋಟಾರು ಒಂದಿಷ್ಟೂ ವಾಲಲಿಲ್ಲ, ಹಲಗೆಯಂತೆ ನೆಟ್ಟಗೆ ಇತ್ತು. "ಶಾಭಾಸ್!" ಎಂದು ಕೂಗಿದೆ. ಆದರೆ ಅದು ತಿರುಗಲೂ ಇಲ್ಲ. ಮುಂದಿನ ಗಾಲಿಗಳು ಎಡಕ್ಕೆ ಮುಖ ಮಾಡಿಕೊಂಡೇ ನೇರ ಜಾರುತ್ತ ಹೋಗಿ, ಹೊಲದ ಬದುವಿಗೆ ಒಟ್ಟಿದ್ದ ತೊಗರಿ ಕಟ್ಟಿಗೆಯ ಬಣವೆಯೊಳಗೆ ನಮ್ಮನ್ನು ನುಗ್ಗಿಸಿದವು.

ನನಗೆ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಬಾಯೊಳಗೆ ತೊಗರಿಯ ಒಣ ಎಲೆ ತುಂಬಿತ್ತು, ಉಗುಳುತ್ತ ನಗುತ್ತಿದ್ದೆ. ಮಿಸ್ತ್ರಿ ಕೆಳಗೆ ಜಿಗಿದು ನನ್ನ ಕಡೆ ಓಡಿಬಂದ.

"ಮಾಸ್ತರ್ರ! ಮಾತಾಡ್ರಿ, ಮಾತಾಡ್ರಿ!"

ತಾನೇ ಹಾಕಿದ ಗಂಟು ಬಿಚ್ಚಲು ಅವನ ಕೈಗೆ ಆಗಲಿಲ್ಲ. ಮುಖ ನೋಡಿದೆ, ನನ್ನ ನಗೆ ನಿಂತುಹೋಯಿತು. ಆತ ಅಳುತ್ತಿದ್ದ.

ಅಲ್ಲೇ ಬದುವಿನ ಮೇಲೆ ಕುಳಿತು ಹೇಳಿದ. ಭೀಮಶಾ ಅವನ ತಮ್ಮ. ತಂದೆತಾಯಿ ಹೋದ ಮೇಲೆ ಇಬ್ಬರೇ ಉಳಿದಿದ್ದರು. ಎರಡು ವರ್ಷದ ಹಿಂದೆ ಅಫಜಲಪುರದ ಶರ್ಯತ್ತಿನಲ್ಲಿ ಎಡಸೀಟಿನಲ್ಲಿ ಕುಳಿತವನು ಅವನೇ.

"ಕಡೀ ಸುತ್ತಿನ್ಯಾಗ ಗಾಲಿ ಎತ್ತಿತ್ರಿ. ಇನ್ನಾ ವಾಲಲೇ, ಇನ್ನಾ ವಾಲಲೇ ಅಂತ ನಾನೇ ಒದರಿದ್ದೆ. ವಾಲಿದ. ನಾ ತಿರುವು ದಾಟಿ ಶಾಭಾಸ್ ತಮ್ಮಾ ಅಂತ ಈ ಕಡಿ ನೋಡಿದ್ರ ಸೀಟು ಖಾಲಿ ಇತ್ತು." ಟೋಪಿಗೆ ಹತ್ತಿದ ತೊಗರಿ ಎಲೆ ಕೊಡವುತ್ತ, "ಆ ಸೀಟಿನ ಮ್ಯಾಲ ಇನ್ನೊಬ್ಬರ ಮಗಾ ಕೂಡಬಾರ್ದು. ಅಷ್ಟೇ ನಂದು" ಎಂದ.

ಆ ದಿನದಿಂದ ಅವನ ಟೋಪಿಯ ವಿಷಯದಲ್ಲಿ ಯಾರು ನಕ್ಕರೂ ನನಗೆ ಸಿಟ್ಟು ಬರುತ್ತಿತ್ತು.

ದಪ್ಪ ಸಲಾಕಿಯನ್ನು ಬಿಚ್ಚಿ ಹಿಂಭಾಗಕ್ಕೆ ಬಿಗಿದು ನೋಡಿದ. ಈ ಸಲ ಒಬ್ಬನೇ ಓಡಿಸಿದ, ನನ್ನನ್ನು ದೂರದ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ. ಮೂತಿ ಚೆನ್ನಾಗಿಯೇ ತಿರುಗಿತು, ಆದರೆ ಹಿಂಭಾಗ ಹೊರಗೆ ಜಾರಿ ಮೋಟಾರು ಗಿರಕಿ ಹೊಡೆದು, ಬಂದ ದಾರಿಯನ್ನೇ ನೋಡುತ್ತ ನಿಂತಿತು. ಆಮೇಲೆ ಎರಡು ದಿನ ಅವನು ಯಾವ ಕೆಲಸವನ್ನೂ ಮುಟ್ಟದೆ ಆ ಸಲಾಕಿಯನ್ನೇ ನೋಡುತ್ತ ಕುಳಿತ. ಮೂರನೆಯ ದಿನ ನಾನು ಹೋದಾಗ ಒಂದು ತೆಳ್ಳನೆಯ ಸಲಾಕಿ ತಯಾರಾಗಿತ್ತು. ಒಳ್ಳೆಯ ಸ್ಪ್ರಿಂಗಿನ ಉಕ್ಕನ್ನು ಹೆಬ್ಬೆರಳಿನ ಗಾತ್ರಕ್ಕೆ ಬಡಿದು, ಮೊದಲಿನಂತೆಯೇ ತುದಿ ಮಡಿಸಿ, ಕುಸುಬಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟಿದ್ದ. ಗೋಡೆಯ ಪಕ್ಕ ಎರಡು ಕವಲುಗೂಟ ನೆಟ್ಟು ಅವುಗಳ ಮೇಲೆ ಅದನ್ನು ಮಲಗಿಸಿದ್ದ.

"ಬರ್ರಿ ಮಾಸ್ತರ್ರ, ಆ ತುದಿ ಹಿಡೀರಿ."

ಹಿಡಿದೆ. ಅವನು ತನ್ನ ತುದಿಯನ್ನು ಕೆಳಗೆ ಒತ್ತಿದ. ನನ್ನ ತುದಿಯೂ ಕೈಯನ್ನು ಕೆಳಗೆ ಎಳೆದುಕೊಂಡು ಹೋಯಿತು.

"ಬಲಗಡಿ ಕುಗ್ಗಿದ್ರ ಎಡಗಡೀನೂ ಜಗ್ಗತದ. ಇನ್ನ ವಾಲೂದು ಹ್ಯಾಂಗ? ಈಗ ನೀವು ಬಿಡಲಾರ್ದ ಗಟ್ಟಿ ಹಿಡೀರಿ."

ನಾನು ಬಲ ಹಾಕಿ ತಡೆದೆ. ಸಲಾಕಿ ನಡುವೆ ಹಿಂಡಿದ ಬಟ್ಟೆಯಂತೆ ಮೆಲ್ಲಗೆ ಹೊರಳಿತು, ಅವನ ಕೈಯ ಬಲ ನನ್ನ ಕೈಗೆ, ನನ್ನದು ಅವನಿಗೆ ತಿಳಿಯುತ್ತಿತ್ತು.

"ಇಷ್ಟು ಹೊರಳಬೇಕ್ರಿ. ಅಜ್ಜನ ಅಚ್ಚು ಹೊರಳಲಿಲ್ಲ, ಎಲ್ಲಾ ಭಾರ ಒಯ್ದು ಹೊರಗಿನ ಒಂದೇ ಗಾಲಿ ಮ್ಯಾಲ ಹಾಕಿತು. ಒಂದ ಗಾಲಿ ಎಷ್ಟಂತ ತಡೀತದ? ಜಾರಿತು. ಮುಂದ ಬಿಗದಾಗ ಮೂತಿ ಜಾರಿತು, ಹಿಂದ ಬಿಗದಾಗ ಬಾಲ ಜಾರಿತು. ಈಗ ಬಿಡ್ರಿ."

ಬಿಟ್ಟೆ. ಅವನು ಬೆರಳಿನಿಂದ ಒತ್ತಿದ, ಸಲಾಕಿ ಸುಮ್ಮನೆ ತಿರುಗಿ ಬಿತ್ತು.

"ನೋಡ್ರಿ, ಆ ಕಡಿ ಹಿಡಿಯೋರಿಲ್ಲಂದ್ರ ಇದಕ್ಕ ದಮ್ಮಿಲ್ಲ. ಬರೇ ಕಬ್ಬಿಣ."

ಶರ್ಯತ್ತಿನ ದಿನ ಭೀಮಾ ದಂಡೆಯಲ್ಲಿ ನಾನೂ ಇದ್ದೆ. ಉಳಿದ ಮೋಟಾರುಗಳು ತಿರುವಿನಲ್ಲಿ ಎಡಗಾಲಿ ಎತ್ತಿಕೊಂಡು, ಮನುಷ್ಯರನ್ನು ಹೊರಗೆ ನೇತಾಡಿಸಿಕೊಂಡು ಹೋದವು. ತೆಳ್ಳನೆಯ ಸಲಾಕಿ ಬಿಗಿದ ಮಿಸ್ತ್ರಿಯದು ಒಂದಿಷ್ಟೇ ತಲೆಬಾಗಿಸಿದಂತೆ ವಾಲಿ, ನಾಲ್ಕೂ ಗಾಲಿ ನೆಲದ ಮೇಲಿಟ್ಟುಕೊಂಡೇ ತಿರುಗಿತು. ಎಡಸೀಟಿನ ಮೇಲೆ ಬರೀ ಟೋಪಿ, ಹಗ್ಗದಿಂದ ಕಟ್ಟಿದ್ದ. ಸಮತಟ್ಟಾದ ಕಡೆ ಎಲ್ಲರನ್ನೂ ಹಿಂದೆ ಹಾಕುತ್ತಿದ್ದ. ನೆಲ ತಗ್ಗುದಿನ್ನೆಯಾಗಿದ್ದ ದೂರದ ತಿರುವಿನಲ್ಲಿ ಮಾತ್ರ ಒಂದು ಗಾಲಿಯ ಏಟು ಇನ್ನೊಂದಕ್ಕೂ ತಗುಲಿ ಕುಣಿದು ಹಿಂದೆ ಬೀಳುತ್ತಿದ್ದ. ಎರಡನೆಯವನಾಗಿ ಮುಗಿಸಿದ. ಜಮೀನ್ದಾರರು ಮುಖ ಗಂಟಿಕ್ಕಿಕೊಂಡರೂ, ಇನ್ನು ಮೇಲೆ ಮನುಷ್ಯ ಬೇಡ, ನೀನೇ ಓಡಿಸು ಎಂದರು. ಅವನು ನನ್ನ ಹತ್ತಿರ ಬಂದು, "ಯಾರೂ ಬೀಳಲಿಲ್ರಿ ಮಾಸ್ತರ್ರ" ಎಂದ. ಅಷ್ಟೇ.

ನನ್ನದೊಂದು ಸಣ್ಣತನ ಹೇಳಿಬಿಡುತ್ತೇನೆ. ಮರಳಿ ಆಳಂದಕ್ಕೆ ಹೊರಟಾಗ ಎಡಸೀಟಿಗೆ ನನ್ನನ್ನು ಕರೆಯುತ್ತಾನೆಂದು ಕಾದಿದ್ದೆ. ಗೆದ್ದಂತೆಯೇ ಆಯಿತಲ್ಲ, ಇನ್ನೇನು ಹೆದರಿಕೆ? ಮಿಸ್ತ್ರಿ ಟೋಪಿಯ ಹಗ್ಗ ಇನ್ನೊಮ್ಮೆ ಬಿಗಿದು ಒಬ್ಬನೇ ಹೊರಟುಹೋದ. ನಾನು ಯಾರದೋ ಬಂಡಿಯಲ್ಲಿ ಮೇವಿನ ಮೇಲೆ ಕುಳಿತು ಬಂದೆ. ಬಹಳ ನೋವಾಗಿತ್ತು. ಯಾರೂ ಬೇಡವಾಗುವ ಮೋಟಾರನ್ನು ಕಟ್ಟಲು ನಾನೇ ಕೈಹಾಕಿದ್ದೆನಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಆಮೇಲೆ ಯುದ್ಧ ಬಂತು, ಶೋಕಿಗೆ ಪೆಟ್ರೋಲು ಸಿಗದಾಯಿತು, ಶರ್ಯತ್ತು ನಿಂತವು. ಜಮೀನ್ದಾರರು ಸಲಾಕಿಯ ಸಮೇತ ಮೋಟಾರು ಮಾರಿಬಿಡುವುದರಲ್ಲಿದ್ದರು. ಮಿಸ್ತ್ರಿ ಸಲಾಕಿಯೊಂದನ್ನು ಬೇಡಿ ಬಿಚ್ಚಿ, ಮತ್ತೆ ಆ ಕವಲುಗೂಟಗಳ ಮೇಲೆ ಮಲಗಿಸಿ ಇಟ್ಟುಕೊಂಡ. ನನಗೆ ಜೇವರ್ಗಿಗೆ ವರ್ಗವಾಯಿತು.

ನಾನು ಹೊರಟ ದಿನ ಮೋಟಾರು ನಿಲ್ಲುವ ಜಾಗಕ್ಕೆ ಬಂದಿದ್ದ. ಬಸ್ಸಿನಲ್ಲಿ ಎಡಗಡೆ ಕಿಟಕಿಯ ಹತ್ತಿರ ನಾನು ಕುಳಿತಿದ್ದೆ. ಮಿಸ್ತ್ರಿ ಒಳಗೆ ಹತ್ತಿಬಂದ. ನನ್ನ ಬಲಕ್ಕೆ ಖಾಲಿ ಇದ್ದ ಜಾಗದಲ್ಲಿ ಕುಳಿತ. ಟೋಪಿ ತೆಗೆದ. ನಮ್ಮಿಬ್ಬರ ನಡುವೆ ಇಡುತ್ತಾನೆಂದು ನಾನು ಸರಿಯಲು ಹೋದೆ. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಸರೀಬ್ಯಾಡ್ರಿ. ಅಲ್ಲೇ ಕುಂದರ್ರಿ."

ಡ್ರೈವರು ಬರುವವರೆಗೆ ಹಾಗೆಯೇ ಕುಳಿತಿದ್ದೆವು. ಇಂಜಿನ್ನು ಶುರುವಾದಾಗ ಎದ್ದು, "ಕಿಡಕಿ ಹೊರಗ ಮೈ ಹಾಕಬ್ಯಾಡ್ರಿ" ಎಂದು ಹೇಳಿ ಇಳಿದ. ಅವನು ಕಣ್ಣಿಗೆ ಬೀಳುವಷ್ಟು ದೂರದವರೆಗೂ ನಾನು ತಿರುಗಿ ನೋಡಲಿಲ್ಲ. ನೋಡಬೇಕೆಂದರೆ ಕಿಟಕಿಯ ಹೊರಗೆ ಬಾಗಬೇಕಿತ್ತು.

ಮುಂದೆ ಆತ ತೀರಿಕೊಂಡಾಗ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳ ಮೇಲೆ. ಜ್ವರ ಬಂದಿತ್ತಂತೆ, ಶೆಡ್ಡಿನಲ್ಲಿ ಒಬ್ಬನೇ ಇದ್ದನಂತೆ. ರಜೆಯಲ್ಲಿ ಆಳಂದಕ್ಕೆ ಹೋದೆ. ಸಾಮಾನು ಯಾರೋ ಒಯ್ದಿದ್ದರು. ಗೋಡೆಯ ಪಕ್ಕ ಎರಡು ಕವಲುಗೂಟ, ಅದರ ಮೇಲೆ ಆ ತೆಳ್ಳನೆಯ ಸಲಾಕಿ ಮಾತ್ರ ಹಾಗೆಯೇ ಇತ್ತು. ಏತಕ್ಕೆ ಬರುತ್ತದೆಂದು ಯಾರಿಗೂ ತಿಳಿದಿರಲಿಕ್ಕಿಲ್ಲ. ನಾನು ಹಿಂದೆ ನಿಂತಿದ್ದಲ್ಲೇ ನಿಂತು ನನ್ನ ತುದಿಯನ್ನು ಹಿಡಿದು ಒತ್ತಿದೆ. ಬೆರಳಿಗೆ ಒಂದಿಷ್ಟೂ ಬಲ ತಾಗಲಿಲ್ಲ. ಸಲಾಕಿ ಸುಮ್ಮನೆ ತಿರುಗಿ ಬಿತ್ತು.