ಎರವಲು ತಂದ ಮೆಲುಕು

ಹಬ್ಬದ ಊಟ ಮುಗಿಸಿ ಚಾಪೆಯ ಮೇಲೆ ಎಡಮಗ್ಗುಲಿಗೆ ಉರುಳಿಕೊಂಡಾಗ ನನ್ನ ಹೊಟ್ಟೆಯೊಳಗಿಂದ ಒಂದು ಸದ್ದು ಬರುತ್ತದೆ. ಗೊರಕೆಯಲ್ಲ, ಗೊರಕೆಗೆ ಇನ್ನೂ ಸ್ವಲ್ಪ ಹೊತ್ತಿರುತ್ತದೆ. ದೂರದಲ್ಲಿ ಯಾರೋ ಪಂಚಾಯಿತಿ ಸೇರಿಸಿಕೊಂಡು ಮಾತಾಡುತ್ತಿರುವಂಥ ಗುಡುಗುಡು. ಮೊದಲೆಲ್ಲ ನಾನು ಒಂದು ಚೂರು ಶುಂಠಿ ಅಗಿದು ಸುಮ್ಮನಾಗುತ್ತಿದ್ದೆ. ಈಗ ಹಾಗಲ್ಲ. ಸದ್ದು ಕೇಳಿದ ಕೂಡಲೇ ಕೊಂಚ ನಾಚಿಕೆಯಾಗುತ್ತದೆ. ಒಳಗಿರುವವರಿಗೆ ಏನು ತೊಂದರೆ ಕೊಟ್ಟೆನೋ ಎಂದು ಯೋಚನೆ ಹತ್ತುತ್ತದೆ. ಇದನ್ನು ಹೆಂಡತಿಗೆ ಹೇಳಿದೆ. ಕನ್ನಡ ಮೇಷ್ಟರಿಗೆ ಬೇಸಿಗೆ ರಜೆ ಇಷ್ಟು ಉದ್ದ ಕೊಡಬಾರದು ಅಂದಳು. ಆದರೆ ಈ ಯೋಚನೆ ರಜೆಯ ಸೋಮಾರಿತನದಿಂದ ಹುಟ್ಟಿದ್ದಲ್ಲ. ಮಳವಳ್ಳಿಯಲ್ಲಿರುವ ನನ್ನ ಸೋದರತ್ತೆಯ ಹಸುವಿನಿಂದ ಬಂದದ್ದು.

ಅನ್ನ ಹೆಚ್ಚಾಗಿ ಕಾಯಿಲೆ ಬಿದ್ದ ಹಸುವಿನ ಕಥೆಯನ್ನು ಈ ರೇಷನ್ ಕಾಲದಲ್ಲಿ ಯಾರೂ ನಂಬಲಾರರು. ಚೀಲ ಹಿಡಿದು ಅಕ್ಕಿಗೆ ಕಾದು ನಿಂತವರ ಮುಂದೆ ಹೇಳಿದರೆ ಹೊಡೆದಾರು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಆಗ ಯುದ್ಧ ಶುರುವಾಗಿತ್ತಾದರೂ ನಮ್ಮ ಅಕ್ಕಿ ಮೂಟೆಯ ತನಕ ಅದು ಬಂದಿರಲಿಲ್ಲ.

ಅತ್ತೆಯ ಹೆಸರು ಸುಬ್ಬಮ್ಮ, ನಮಗೆಲ್ಲ ಸುಬ್ಬತ್ತೆ. ಹಸುವಿನ ಹೆಸರು ತುಂಗೆ. ಇಡೀ ಅಗ್ರಹಾರದಲ್ಲಿ ಇವರಿಬ್ಬರಷ್ಟು ಮಡಿ ಮಾಡುವವರು ಬೇರೆ ಇರಲಿಲ್ಲ. ಅತ್ತೆ ಮಡಿಯುಟ್ಟಾಗ ಅವರ ನೆರಳಿನ ಹತ್ತಿರ ಹೋಗುವುದಕ್ಕೂ ನಾವು ಹೆದರುತ್ತಿದ್ದೆವು. ತುಂಗೆಯಂತೂ ಹಿತ್ತಿಲ ಕೊಟ್ಟಿಗೆ ಬಿಟ್ಟು ಬೀದಿಯನ್ನೇ ಕಂಡಿರಲಿಲ್ಲ. ಹೊರಗೆ ಬಿಟ್ಟರೆ ಕಂಡಕಂಡದ್ದಕ್ಕೆ ಬಾಯಿ ಹಾಕುತ್ತಾಳೆ ಎಂದು ಅತ್ತೆಯ ಭಯ. ಹಾಗಾಗಿ ಅವಳಿಗೆ ಭತ್ತದ ಹುಲ್ಲು, ಬೂಸಾ, ಹತ್ತಿಬೀಜ, ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಮನೆಯೊಳಗಿನಿಂದಲೇ ಹೋಗಬೇಕು. ಗೌರವಸ್ಥ ಮನೆಯ ಸೊಸೆಯ ಹಾಗೆ ಅವಳು ಕೊಟ್ಟದ್ದನ್ನು ತಿಂದುಕೊಂಡಿದ್ದಳು.

ಹಿತ್ತಿಲ ಗೋಡೆಯ ಆ ಕಡೆ ಕೆಂಪಮ್ಮನ ಮನೆ. ಹೊಲಗೆಲಸದ ಗಟ್ಟಿ ಹೆಂಗಸು, ಗಂಟಲು ಅದಕ್ಕಿಂತ ಗಟ್ಟಿ. ಅವಳ ಹಸು ಕೆಂದಿ ಬೆಳಗಾದರೆ ಬದುಗಳ ಮೇಲೆ ಹೊರಟುಬಿಡುತ್ತಿತ್ತು, ಸಂಜೆ ತಾನಾಗಿಯೇ ಮನೆಗೆ ಬರುತ್ತಿತ್ತು. ಅತ್ತೆ ಮತ್ತು ಕೆಂಪಮ್ಮ ಇಪ್ಪತ್ತು ವರ್ಷದ ನೆರೆಯವರು. ಕೋಳಿ ಕೆದಕಿದ ಪಾತಿ, ಗೋಡೆಗೆ ತಟ್ಟಿದ ಬೆರಣಿ, ಹೀಗೆ ಜಗಳಕ್ಕೆ ಅವರಿಗೆ ಎಂದೂ ವಿಷಯದ ಬರ ಇರಲಿಲ್ಲ. ಅವರ ಮಾತು ದಿನಾ ಗೋಡೆ ದಾಟುತ್ತಿತ್ತು; ಅವರು ಮಾತ್ರ ದಾಟಿದವರಲ್ಲ.

ಆ ಬೇಸಿಗೆಯಲ್ಲಿ ಅತ್ತೆಯ ಮೊಮ್ಮಗನ ಮುಂಜಿ. ನೆಂಟರು ಮೈಸೂರಿನಿಂದ, ಮಂಡ್ಯದಿಂದ, ಎಲ್ಲೆಲ್ಲಿಂದಲೋ ಬಂದು ತುಂಬಿಕೊಂಡರು. ನಮ್ಮವರಲ್ಲಿ ಊಟಕ್ಕೆ ಮುಂಚೆ ಹಸುವಿಗೆ ಒಂದು ತುತ್ತು ಕೊಡುವ ಪದ್ಧತಿಯುಂಟು. ಗೋಗ್ರಾಸ ಎನ್ನುತ್ತಾರೆ. ಪಟ್ಟಣದಲ್ಲಿ ಹಸು ಸಿಕ್ಕದೆ ಪುಣ್ಯ ಬಾಕಿ ಉಳಿಸಿಕೊಂಡವರೆಲ್ಲ ತುಂಗೆಯನ್ನು ಕಂಡು ಹಿಗ್ಗಿದರು. ಮೈಸೂರಿನ ಚಿಕ್ಕಮ್ಮ ಒಂದು ಎಲೆಯ ತುಂಬ ಅನ್ನ ಕೊಟ್ಟು ಕಣ್ಣಿಗೊತ್ತಿಕೊಂಡರು. ಅವರ ಓರಗಿತ್ತಿ ನೋಡಿಕೊಂಡು ಸುಮ್ಮನಿರುವ ಪೈಕಿಯಲ್ಲ. ಅನ್ನದ ಮೇಲೆ ಪಾಯಸ ಸುರಿದರು. ಯಾರೋ ಒಬ್ಬಟ್ಟು, ಯಾರೋ ಹೂರಣ, ಯಾರೋ ಮೊಸರನ್ನ. ನಾನೂ ಹಿಂದೆ ಬೀಳಲಿಲ್ಲ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು, ತಿಳಿದರೂ ಅವರ ಪುಣ್ಯ ಅವರಿಗೆ, ನಮ್ಮದು ನಮಗೆ. ತುಂಗೆ ಯಾರ ಮನಸ್ಸನ್ನೂ ನೋಯಿಸಲಿಲ್ಲ.

ನೆಂಟರೆಲ್ಲ ಹೊರಟುಹೋದರು. ಉಳಿದ ಒಬ್ಬಟ್ಟಿಗೆ ಒಂದು ಗತಿ ಕಾಣಿಸಬೇಕಲ್ಲ ಎಂದು ನಾನು ಉಳಿದುಕೊಂಡೆ. ಮರುದಿನ ಬೆಳಿಗ್ಗೆ ಅತ್ತೆ ಕೊಟ್ಟಿಗೆಯಿಂದ ಕೂಗಿದ ದನಿ ಕೇಳಿ ಎದ್ದು ಓಡಿದೆ. ತುಂಗೆ ತಲೆ ಇಳಿಬಿಟ್ಟು ನಿಂತಿದ್ದಳು. ಎಡಗಡೆಯ ಹೊಟ್ಟೆ ಡೋಲಿನಂತೆ ಊದಿತ್ತು. ಬಾಯಿಂದ ಹುಳಿ ವಾಸನೆ.

“ಮೆಲುಕೇ ಹಾಕ್ತಿಲ್ಲ ಕಣೋ” ಎಂದರು ಅತ್ತೆ.

ದನದ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಶುಂಠಿ, ಮೆಣಸು, ಓಮ, ಇಂಗು ಅರೆದು ಕಷಾಯ ಕಾಯಿಸಿದೆವು. ಬೆಳ್ಳುಳ್ಳಿಯೂ ಬೇಕಿತ್ತು; ಆ ಮನೆಯಲ್ಲಿ ಬೆಳ್ಳುಳ್ಳಿ ಎಂಬ ಮಾತನ್ನು ಕೂಡ ಪಿಸುದನಿಯಲ್ಲಿ ಆಡಬೇಕು. ಅದು ಗೋಡೆಯ ಮೇಲಿಂದ ಕೆಂಪಮ್ಮನ ಕೈಯಲ್ಲಿ ಬಂತು. ಬಿದಿರಿನ ಗೊಟ್ಟದಲ್ಲಿ ಕಷಾಯ ತುಂಬಿ ನಾನು ಹಸುವಿನ ಗಂಟಲಿಗೆ ಹೊಯ್ದೆ. ಅರ್ಧ ಅವಳ ಗಂಟಲಿಗೆ, ಅರ್ಧ ನನ್ನ ತೋಳಿಗೆ. ಸಂಜೆಗೆ ಹೊಟ್ಟೆಯ ಉಬ್ಬರ ಇಳಿಯಿತು. ಆದರೆ ಮೆಲುಕು ಬರಲಿಲ್ಲ. ಹುಲ್ಲು ಇಟ್ಟರೆ ಮುಖ ತಿರುಗಿಸಿದಳು. ಎರಡು ದಿನ ಹಾಗೆಯೇ ಕಳೆಯಿತು. ಕಣ್ಣು ಒಳಕ್ಕೆ ಸೇದಿಹೋದವು.

ಅತ್ತೆಗೆ ಊಟ ಸೇರಲಿಲ್ಲ. ಹಸುವಿನ ಮೇಲಿನ ಪ್ರೀತಿ ಒಂದು ಕಡೆಗಾಯಿತು, ಅದರ ಜೊತೆಗೆ ದೊಡ್ಡ ಭಯವೊಂದು ಹೊಕ್ಕಿತ್ತು. “ಮುಂಜಿ ಮಾಡಿದ ಮನೇಲಿ ಗೋಹತ್ಯೆ ಆಗತ್ತಲ್ಲೋ. ಆ ಮಗು ತಲೆಗೆ ಬರತ್ತಲ್ಲೋ” ಎಂದು ಅಳುತ್ತಿದ್ದರು. ಯಾರು ಎಷ್ಟು ತಿನ್ನಿಸಿದರು ಎಂದು ತಿಳಿಯೋಣವೆಂದು ಊರಲ್ಲೇ ಇದ್ದ ಬಂಧುಗಳನ್ನು ವಿಚಾರಿಸಿದೆ. ಮುಂಜಿಯ ದಿನ ಗೋಗ್ರಾಸದ ವಿಷಯವನ್ನು ಸಾಲುಪಂಕ್ತಿಗೆಲ್ಲ ಕೇಳುವಂತೆ ಹೇಳಿಕೊಂಡಿದ್ದವರು ಈಗ ಹಸುವನ್ನೇ ನೋಡಿಲ್ಲ ಎಂದರು. ಒಬ್ಬರಂತೂ ಅತ್ತೆಯ ಮನೆಯಲ್ಲಿ ಹಸು ಇದೆಯೇ ಎಂದು ಆಶ್ಚರ್ಯಪಟ್ಟರು.

ಮೂರನೆಯ ದಿನ ಸಂಜೆ ಕೆಂಪಮ್ಮ ಗೋಡೆಯ ಮೇಲಿಂದ ಕತ್ತು ಚಾಚಿ ನೋಡಿದಳು. “ಮೆಲ್ಕು ಬುಟ್ಬುಟ್ಟದೆ ಕಣಮ್ಮ. ಎಷ್ಟು ಕಷಾಯ ಉಯ್ದ್ರೂ ಬರಾಕಿಲ್ಲ. ಚೆನ್ನಾಗಿರೋ ಬ್ಯಾರೆ ಹಸೀನ ಬಾಯಿಂದ ಮೆಲ್ಕು ತಗ್ದು ಇದಕ್ಕಿಕ್ಬೇಕು” ಎಂದಳು.

ಅತ್ತೆ ಬೆಚ್ಚಿದರು. ಇನ್ನೊಂದು ಹಸು ಅಗಿದ ಎಂಜಲು ತುಂಗೆಯ ಬಾಯಿಗೆ! ಹುಟ್ಟಿದಂದಿನಿಂದ ಬೇರೆಯವರ ಬಾನಿಯಲ್ಲಿ ನೀರು ಕುಡಿಯದ ತುಂಗೆ! ತುಂಗೆ ಏನೂ ಹೇಳಲಿಲ್ಲ, ಪಾಪ. ಹೇಳುವ ತ್ರಾಣ ಇರಲಿಲ್ಲ. ಅತ್ತೆ ಅವಳ ಕತ್ತಿನಡಿಯ ಗಂಗೆದೊಗಲು ಸವರುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ, ಹೆಣ್ಣಿನ ಕಡೆಯವರನ್ನು ವಿಚಾರಿಸುವ ಗತ್ತಿನಲ್ಲಿ, “ನಿನ್ ಹಸು ಏನೇನ್ ಮೇಯತ್ತೆ, ಕೆಂಪಮ್ಮ?” ಎಂದರು.

“ಏನ್ ಸಿಕ್ಕುದ್ರೆ ಅದು. ಬದೀನ್ ಮ್ಯಾಲೆ ಗರ್ಕೆ, ಉತ್ರಾಣಿ...”

“ಮತ್ತೆ?”

“ಎಲಚಿ ಸೊಪ್ಪು. ಅಳ್ಳೀಮರದ್ ಚಿಗುರು. ಬನ್ನಿ ಸೊಪ್ಪಿಗೂ ಬಾಯಾಕ್ತದೆ.”

ಕೆಂಪಮ್ಮ ಒಂದೊಂದು ಹೆಸರು ಹೇಳಿದ ಹಾಗೆಲ್ಲ ಅತ್ತೆ ಅದನ್ನು ಸಂಸ್ಕೃತಕ್ಕೆ ತಿರುಗಿಸಿಕೊಂಡು ಬೆರಳು ಮಡಿಸುತ್ತಿದ್ದರು. ದೂರ್ವಾ, ಅಪಾಮಾರ್ಗ, ಬದರೀ, ಅಶ್ವತ್ಥ, ಶಮೀ. ಭಾದ್ರಪದದ ಚೌತಿಯಲ್ಲಿ ಗಣಪತಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಇವೂ ಸೇರಿವೆ. ನಾವು ಪೇಟೆಯಲ್ಲಿ ಒಂದು ಕಟ್ಟು ಪತ್ರೆ ಕೊಂಡು, ಹೆಸರು ಗೊತ್ತಾಗದ ಸೊಪ್ಪನ್ನೆಲ್ಲ ಮಾಚೀಪತ್ರೆ ಎಂದು ತೀರ್ಮಾನಿಸಿ ವರ್ಷಕ್ಕೊಮ್ಮೆ ಪೂಜೆ ಸಾಗಿಸುತ್ತೇವೆ. ಕೆಂದಿಗೆ ದಿನವೂ ಚೌತಿ.

“ಪತ್ರೆ ಕಣೋ ಅದು. ಎಂಜಲಲ್ಲ” ಎಂದು ಅತ್ತೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. ನಾನು ಒಪ್ಪಿದೆ. ಆ ಹೊತ್ತಿನಲ್ಲಿ ಅವರು ಕೆಂದಿಗೆ ಜನಿವಾರ ಹಾಕಬೇಕೆಂದರೂ ಒಪ್ಪುತ್ತಿದ್ದೆ.

ಈಗ ಹಿಂದೆಗೆದವಳು ಕೆಂಪಮ್ಮ. “ಮೆಲ್ಕು ಇಕ್ಬೇಕು ಅಂದ್ನೇ ಒರ್ತು ನಮ್ಮದ್ನೇ ಕೊಡ್ತೀನಿ ಅಂದ್ನಾ? ಮೆಲ್ಕು ಕೊಟ್ರೆ ಹಾಲೂ ಅದ್ರ ಜತೇಲೇ ಓಯ್ತದೆ ಕಣಮ್ಮ. ನಮ್ ಮಕ್ಳಿಗೆ ಏನುಯ್ಯಲಿ?” ಎಂದು ಕತ್ತು ಕೆಳಗಿಳಿಸಿಬಿಟ್ಟಳು. ಅವಳ ಭಯವನ್ನು ಕಂಡು ನಾನು ನಗಲಾರೆ. ನಾವು ಹೆದರುವುದಕ್ಕೆ ನಮ್ಮ ಶಾಸ್ತ್ರ ಇದ್ದ ಹಾಗೆ ಅವಳು ಹೆದರುವುದಕ್ಕೆ ಅವಳದೂ ಒಂದಿತ್ತು.

ಆಗ ಅತ್ತೆ ಉಟ್ಟ ಮಡಿಸೀರೆಯಲ್ಲೇ ಹಿತ್ತಿಲ ಬಾಗಿಲು ತೆಗೆದು, ಓಣಿ ಬಳಸಿಕೊಂಡು ಹೋಗಿ ಕೆಂಪಮ್ಮನ ಕೊಟ್ಟಿಗೆಯ ಮುಂದೆ ನಿಂತರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಿಂತರು, ಅಷ್ಟೆ.

“ಅಯ್ಯೋ, ನೀವ್ಯಾಕ್ ಬರಾಕೋದ್ರಿ ಅಮ್ಮಾವ್ರೆ! ಕೂಗುದ್ರೆ ಆಗ್ತಿರ್ನಿಲ್ವಾ?” ಎಂದು ಕೆಂಪಮ್ಮ ಬೈದಳು. ಬೈಯುತ್ತಲೇ ಕೆಂದಿಯ ಪಕ್ಕ ಹೋಗಿ ನಿಂತಳು. ಕೆಂದಿ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಒಂದು ಉಂಡೆ ನುಂಗಿ, ಮತ್ತೊಂದು ಕತ್ತಿನಲ್ಲಿ ಮೇಲಕ್ಕೆ ಜಾರಿ ಬಂದದ್ದೇ ತಡ, ಕೆಂಪಮ್ಮ ದವಡೆಯ ಸಂದಿಗೆ ಕೈ ತೂರಿಸಿ ಅದನ್ನು ಎತ್ತಿಕೊಂಡಳು. ಕೆಂದಿ ಇದ್ದಕ್ಕಿದ್ದಂತೆ ಖಾಲಿಯಾದ ಬಾಯನ್ನು ಎರಡು ಸಲ ಆಡಿಸಿ ನನ್ನನ್ನು ಅನುಮಾನದಿಂದ ನೋಡಿತು.

“ಇಡ್ಕಳಿ ಮೇಷ್ಟ್ರೆ. ಆರೋಕ್ ಮುಂಚೆ ಓಡಿ!”

ಬಾಳೆಲೆಯಲ್ಲಿ ಆ ಬಿಸಿ ಉಂಡೆಯನ್ನು ಹಿಡಿದು, ಪಂಚೆ ಎತ್ತಿಕಟ್ಟಿ, ಓಣಿಯಲ್ಲಿ ನಾನು ಓಡಿದೆ. ಹಸಿರು ರಸ ಮೊಣಕೈವರೆಗೆ ಇಳಿಯುತ್ತಿತ್ತು. ಎದುರಿಗೆ ಬಂದ ಪುರೋಹಿತರು ಪ್ರಸಾದವೆಂದು ತಿಳಿದು ಕೈ ಚಾಚಿದ್ದರು. ನಿಂತು ವಿವರಿಸಲು ಪುರುಸೊತ್ತಿರಲಿಲ್ಲ. ಹಿಂದೆಯೇ ಬಂದ ಅತ್ತೆ ಉಂಡೆಯನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡರು. ಬರಿಗೈಯಲ್ಲಿ ಅದನ್ನು ತುಂಗೆಯ ನಾಲಿಗೆಯ ಹಿಂದಕ್ಕೆ ತಳ್ಳಿ, ಅವಳು ನುಂಗುವ ತನಕ ಗಂಟಲು ಸವರುತ್ತ ನಿಂತರು. ಆ ದಿನ, ಮಾರನೆಯ ದಿನ, ಹೀಗೆ ಕೆಲವು ಸಲ ನಡೆಯಿತು.

ಒಂದು ಮಧ್ಯಾಹ್ನ ನಾನು ಒಳಗೆ ಮಲಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, ಮಲಗಿದ ಮಗುವನ್ನು ತೋರಿಸುವವರ ಹಾಗೆ ತುಟಿಗೆ ಬೆರಳಿಟ್ಟು ಕರೆದರು. ಕೊಟ್ಟಿಗೆಯಲ್ಲಿ ತುಂಗೆಯ ಕತ್ತಿನಲ್ಲಿ ಒಂದು ಉಂಡೆ ಮೇಲಕ್ಕೆ ಸರಿಯಿತು. ದವಡೆ ನಿಧಾನವಾಗಿ ಆಡತೊಡಗಿತು. ಗರ, ಗರ, ಗರ. ಎಷ್ಟೋ ಸಂಗೀತ ಕಚೇರಿಗಳಲ್ಲಿ ತೂಕಡಿಸಿದ ಮನುಷ್ಯ ನಾನು. ಈ ಸದ್ದಿಗೆ ಕಣ್ಣಲ್ಲಿ ನೀರು ಬಂತು. ಕೆಂದಿಯ ಹಾಲು ಕಡಿಮೆಯಾಗಲಿಲ್ಲ. ಆಗಿದ್ದರೆ ಗೋಡೆಯ ಮೇಲಿಂದ ಮಳವಳ್ಳಿಗೆಲ್ಲ ತಿಳಿಯುತ್ತಿತ್ತು. ಹಸು ಬದುಕಿದ ಸುದ್ದಿ ಹರಡಿದ ಮೇಲೆ ಬಂಧುಗಳಿಗೂ ಮರೆವು ಬಿಟ್ಟಿತು. ಅಂದು ತಾವು ಕೊಟ್ಟ ಗೋಗ್ರಾಸದ ಪುಣ್ಯವೇ ಅದನ್ನು ಉಳಿಸಿದ್ದೆಂದು ಒಬ್ಬೊಬ್ಬರೂ ಹೇಳಿಕೊಂಡರು.

ರಜೆ ಮುಗಿಸಿ ಮಂಡ್ಯಕ್ಕೆ ಬಂದು ಇದನ್ನೆಲ್ಲ ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಶಾಮರಾಯರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು. ಹಸುವಿನ ಮೊದಲ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವಂತೆ. ಹುಲ್ಲನ್ನು ಕರಗಿಸುವುದರಲ್ಲಿ ಅವುಗಳ ಕೈವಾಡವಿದೆಯಂತೆ. ಎಷ್ಟು ಎಂಬುದರ ಬಗ್ಗೆ ದೊಡ್ಡ ದೊಡ್ಡ ಪಂಡಿತರೇ ಇನ್ನೂ ವಾದಿಸುತ್ತಿದ್ದಾರಂತೆ. ಅನ್ನ, ಬೆಲ್ಲ ಒಮ್ಮೆಲೇ ಬಿದ್ದರೆ ಒಳಗೆಲ್ಲ ಹುಳಿಯೇರಿ ಅವು ಸಾಯುತ್ತವೆ. ಕೆಂದಿಯ ಮೆಲುಕಿನಲ್ಲಿ ಹೊಸ ಒಕ್ಕಲು ಬಂದು ಕೂತಿತು ಎಂದರು. ಬೇರೆ ಬೇರೆ ಸೊಪ್ಪಿನ ಕಹಿ, ಒಗರು, ಕಾರ ಇವೆಯಲ್ಲ, ಅವು ಆ ಜೀವಿಗಳಲ್ಲಿ ಕೆಲವನ್ನು ಹದ್ದುಬಸ್ತಿನಲ್ಲಿ ಇಡುತ್ತವೆಂದೂ, ಆದ್ದರಿಂದ ಹತ್ತು ಗಿಡ ಮೇಯುವ ದನದ ಹೊಟ್ಟೆ ಹೆಚ್ಚು ಗಟ್ಟಿಯೆಂದೂ ಅವರ ಸ್ವಂತ ಊಹೆ. ಬಂಡೂರಿನ ಕುರಿಗಳ ರುಚಿಗೆ ಆ ಊರಿನ ಮೇವೇ ಕಾರಣವೆಂದು ತಿಂದವರು ಹೇಳುತ್ತಾರೆ. ಈ ವಿಷಯದಲ್ಲಿ ನಾನು ಕೇಳಿದ್ದೇ ಹೊರತು ಅನುಭವ ಸಾಲದು. ನಮ್ಮ ಹಿರಿಯರು ಹೊಟ್ಟೆಯೊಳಗೆ ಅಗ್ನಿ ಇದೆ ಎನ್ನುತ್ತಿದ್ದರು. ಬೆಂಕಿಯಾದರೆ ಏನು ಹಾಕಿದರೂ ಸುಡುತ್ತದೆ. ಜನ ಇದ್ದಾರೆ ಎಂದಮೇಲೆ ಅವರನ್ನು ಕೇಳಿ ಬಡಿಸಬೇಕಾಗುತ್ತದೆ.

ಶಾಮರಾಯರಿಗೆ ತಡೆಯಲಾಗಲಿಲ್ಲ. ಹೆಡ್ಮಾಸ್ತರರನ್ನು ಕಾಡಿ ಶಾಲೆಯ ಸೂಕ್ಷ್ಮದರ್ಶಕವನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಒಂದು ಭಾನುವಾರ ನನ್ನೊಡನೆ ಬಸ್ಸು ಹತ್ತಿದರು. ಮದ್ದೂರಿನಲ್ಲಿ ಹತ್ತಿದವನೊಬ್ಬ ಅವರು ಪೆಟ್ಟಿಗೆ ತಬ್ಬಿಕೊಂಡ ರೀತಿ ನೋಡಿ, “ಯಾವ ದೇವ್ರು ಸ್ವಾಮಿ?” ಎಂದು ಕೈ ಮುಗಿದ. ಶಾಮರಾಯರು ತೊಡೆಯ ಮೇಲಿನ ಪೆಟ್ಟಿಗೆಯನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡರು.

ಅತ್ತೆಯ ಮನೆಯ ಜಗುಲಿಯಲ್ಲಿ, ಬಿಸಿಲು ಬೀಳುವ ಕಡೆ ಯಂತ್ರವನ್ನು ಹೂಡಿದರು. ತುಂಗೆಯ ಮೆಲುಕಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನನ್ನನ್ನು ಕರೆದರು. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಸಂತೆ! ದುಂಡಗಿನವು, ಉದ್ದನೆಯವು, ಮೈತುಂಬ ಕೂದಲಿನವು, ಗಿರಗಿರ ತಿರುಗುವವು, ಒಂದನ್ನೊಂದು ತಳ್ಳಿಕೊಂಡು ಎಲ್ಲಿಗೋ ಅವಸರದಲ್ಲಿ ಹೊರಟವು. ಅತ್ತೆ ಬಹಳ ಹೊತ್ತು ನೋಡಿದರು. ಕಣ್ಣು ತೆಗೆಯದೆಯೇ, “ಇದರಲ್ಲಿ ನಮ್ಮ ತುಂಗೆಯವು ಯಾವುದು, ಕೆಂದಿಯವು ಯಾವುದು?” ಎಂದು ಕೇಳಿದರು.

ಶಾಮರಾಯರು ತಲೆ ಕೆರೆದುಕೊಂಡರು. “ಅದನ್ನ ಹೇಳಕ್ಕೆ ಆಗಲ್ಲಮ್ಮ. ಎಲ್ಲಾ ಬೆರೆತುಹೋಗಿರತ್ತೆ.”

ಅತ್ತೆ ಎದ್ದು ಹಿತ್ತಿಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂಗಿದರು. “ಕೆಂಪಮ್ಮಾ, ಬೀದಿ ಕಡೆಯಿಂದ ಬಾರೇ. ಜಗುಲಿ ಮೇಲೆ ಬಾ. ನಿಮ್ಮನೆಯವರೆಲ್ಲ ಇಲ್ಲಿದಾರೆ, ಚೆನ್ನಾಗಿದಾರೆ, ನೋಡ್ಕೊಂಡು ಹೋಗು.”

ಕೆಂಪಮ್ಮ ಬಂದಳು. ಮೆಟ್ಟಿಲ ಹತ್ತಿರ ತಡೆದಳು. “ಬಾ ಅಂದ್ನಲ್ಲ” ಎಂದು ಅತ್ತೆ ಗದರಿದ ಮೇಲೆ ಸೀರೆಗೆ ಕೈಯೊರೆಸಿಕೊಂಡು ಜಗುಲಿ ಹತ್ತಿದಳು. ಯಂತ್ರಕ್ಕೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ನೋಡಿದಳು. ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮತ್ತೆ ಬಗ್ಗಿ ನೋಡಿದಳು.

“ಅಲ್ಲಾ ಅಮ್ಮಾವ್ರೆ, ಇಸ್ಟೊಂದ್ ಜನ ಅವ್ರೆ. ಒಬ್ರು ಇದ್ದಂಗೆ ಒಬ್ರಿಲ್ಲ. ಇವ್ರಿಗೆಲ್ಲ ನೀವು ಬರೀ ಅನ್ನ ಪಾಯ್ಸ ಇಕ್ಕುದ್ರಾ?”

ಊಟಕ್ಕೆ ಬಡಿಸುವುದರಲ್ಲಿ ತಮಗೆ ಯಾರೂ ಹೆಸರಿಡಬಾರದೆಂದು ಜೀವನವಿಡೀ ಎಚ್ಚರದಿಂದ ಇದ್ದವರು ಸುಬ್ಬತ್ತೆ. ಅವರು ಕೋಪಿಸಿಕೊಳ್ಳುತ್ತಾರೆಂದು ನಾನು ಕಾದೆ. ಅವರ ಮುಖ ಮೊದಲು ಸಣ್ಣದಾಯಿತು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕೊಟ್ಟಿಗೆಗೆ ಹೋಗಿ ತುಂಗೆಯ ಹಗ್ಗ ಬಿಚ್ಚಿ ಅದರ ತುದಿಯನ್ನು ಕೆಂಪಮ್ಮನ ಕೈಗೆ ಕೊಟ್ಟರು.

“ಕೆಂದಿ ಜೊತೆ ಇವಳನ್ನೂ ಹೊಡ್ಕೊಂಡು ಹೋಗೇ. ನಾನು ಬಡಿಸಿದ್ದು ಸಾಕು.”