ಅಂಗಡಿಗೊಂದು ಮೆನು

ಮೊನ್ನೆ ಬಸವೇಶ್ವರನಗರದ ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬು ಕೊಳ್ಳುವಾಗ ಕರ್ಪೂರ, ಸಾಂಬ್ರಾಣಿ, ಒಣಶುಂಠಿ ಎಲ್ಲ ಬೆರೆತ ಆ ವಾಸನೆ ಬಂತು. ಅದರ ಜೊತೆಗೇ ನಮ್ಮ ಸಾರ್ ನೆನಪಾದರು.

ರಾಜಾಜಿನಗರದಲ್ಲಿ ಇಂಥದ್ದೇ ಅಂಗಡಿಯ ಮಹಡಿ ಮೇಲೆ ಅವರ ಆಫೀಸಿತ್ತು. ಆಫೀಸು ಅಂದರೆ ಒಂದು ರೂಮು, ಅವರು, ನಾನು. ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಅವರು ಬರೆಯುತ್ತಿದ್ದರು. ಅದರ ಮೆನು ಜೋಡಿಸುವುದು ನನ್ನ ಕೆಲಸ. ಪರದೆಯ ಎಡಗಡೆ ಬಟನ್‌ಗಳು ಸಾಲಾಗಿರುತ್ತಿದ್ದವು. ಮೌಸಿನಲ್ಲಿ ಹಿಡಿದು, ಎಳೆದು, ಬೇಕಾದ ಕಡೆ ಕೂರಿಸಿ ಹೆಸರು ಬರೆದರೆ ಆಯಿತು. ರಂಗೋಲಿ ಇಟ್ಟಷ್ಟೇ ಖುಷಿಯ ಕೆಲಸ, ಸುಮ್ಮನೆ ಬಿಟ್ಟಿದ್ದರೆ...

ಬಿಡುತ್ತಿರಲಿಲ್ಲ. ಒಬ್ಬೊಬ್ಬ ಅಂಗಡಿಯವರಿಗೂ ಒಂದೊಂದು ಥರ ಬೇಕು. ಕೆಳಗಿನ ಗ್ರಂಧಿಗೆಯವರಿಗೆ ‘ಮುಚ್ಚು’ ಅನ್ನುವ ಮಾತು ಅಂಗಡಿಯಲ್ಲಿ ಕಾಣಲೇಬಾರದು, ಅಲ್ಲಿ ‘ಹೋಗಿ ಬರ್ತೀನಿ’ ಅಂತ ಬರೆಯಬೇಕು. ಸುಂಕದಕಟ್ಟೆಯ ಹಾರ್ಡ್‌ವೇರ್ ಅಂಗಡಿಯವರಿಗೆ ಕ್ಯಾಶ್ ಬಟನ್ ಉತ್ತರಕ್ಕಿರಬೇಕು, ಅಂದರೆ ಪರದೆಯ ಮೇಲ್ಗಡೆ. ಸಾರ್ ಯಾರಿಗೂ ಇಲ್ಲ ಅಂದವರಲ್ಲ, ಅದಕ್ಕೆಂದು ಬೇರೆ ದುಡ್ಡು ಕೇಳಿದವರೂ ಅಲ್ಲ.

“ಸಾರ್, ನಾಳೆ ಏನಾದ್ರೂ ಬದಲಾದ್ರೆ ಇವನ್ನೆಲ್ಲ ಒಂದೊಂದಾಗಿ ಬಿಚ್ಚಿ ಕಟ್ಟಬೇಕಾಗುತ್ತೆ,” ಅಂತ ಎಷ್ಟು ಸಲ ಹೇಳಿದೆನೋ.

“ದಿನವಿಡೀ ಅದರ ಮುಂದೆ ಕೂರೋರು ಅವ್ರು ಕಣಮ್ಮ, ನಾವಲ್ಲ,” ಅನ್ನುತ್ತಿದ್ದರು.

ಬದಲಾಯಿತು. ಜಿಎಸ್‌ಟಿ ಬಂತು. ಎಲ್ಲ ಅಂಗಡಿಗೂ ಒಟ್ಟಿಗೇ ಹೊಸ ಮೆನು ಬೇಕು, ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರದು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಕಾದು ಬೇಸತ್ತವರು ಒಬ್ಬೊಬ್ಬರಾಗಿ ರೆಡಿಮೇಡ್ ಸಾಫ್ಟ್‌ವೇರ್ ಕೊಂಡರು. ಹೀಗೇ ಆದರೆ ಆಫೀಸು ಉಳಿಯುವುದಿಲ್ಲ ಅಂತ ನಾನು ಹಟ ಹಿಡಿದು, ಎಲ್ಲರಿಗೂ ಆಗುವ ಒಂದೇ ಮೆನು ಕಟ್ಟಿದೆ. ಸಾರ್ ಒಪ್ಪಿದರು. ಮೊದಲು ಸುಂಕದಕಟ್ಟೆಗೇ ಹೋದೆವು.

ಹಾರ್ಡ್‌ವೇರ್‌ನವರು ಕನ್ನಡಕ ಸರಿಮಾಡಿಕೊಂಡು ಪರದೆಯ ಕೆಳತುದಿ ನೋಡಿದರು. “ಏನಮ್ಮ, ಕ್ಯಾಶ್ ತಗೊಂಡೋಗಿ ಯಮನ ದಿಕ್ಕಿಗೆ ಇಟ್ಟಿದೀರ?”

“ಇದು ಪರದೆ ಅಣ್ಣ, ಸೈಟಲ್ಲ. ಇದಕ್ಕೆಲ್ಲಿಯ ದಿಕ್ಕು?”

“ನನ್ನ ದುಡ್ಡಿನ ಲೆಕ್ಕ ಇರೋದು ಇದರೊಳಗೇ ತಾನೆ?”

ನಾನು ಸಾರ್ ಮುಖ ನೋಡಿದೆ. ಇವತ್ತಾದರೂ ಇಲ್ಲ ಅನ್ನಲಿ ಅಂತ. ಅವರು ಸ್ಟೂಲ್ ಎಳೆದುಕೊಂಡು ಕೂತು, ಲ್ಯಾಪ್‌ಟಾಪಿನಲ್ಲಿ ನನ್ನ ಮೆನು ಬಿಚ್ಚಿ, ಕ್ಯಾಶ್ ಬಟನ್ ಮೇಲಕ್ಕೆ ಎಳೆದರು. ಆಮೇಲೆ ಇನ್ನೊಂದು. ಅಂಗಡಿಯವರು ಅಂದ ಹಾಗೆಲ್ಲ...

ವಾಪಸ್ಸು ಬರುವಾಗ ಮಾಗಡಿ ರೋಡಿನ ಉದ್ದಕ್ಕೂ ನಾನು ಬಸ್ಸಿನ ಕಿಟಕಿ ಕಡೆಗೇ ಮುಖ ತಿರುಗಿಸಿಕೊಂಡು ಕೂತಿದ್ದೆ.

“ಕೋಪಾನಾ?” ಅಂದರು.

“ಹೌದು ಸಾರ್.”

“ನ್ಯಾಯವಾಗೇ ಇದೆ ಬಿಡು. ಕಾಫಿ ಕುಡಿಯೋಣ ಬಾ.”

ಮುಂದಿನ ಯುಗಾದಿಗೆ ಆಫೀಸು ಇರಲಿಲ್ಲ. ನಾನು ವಿಜಯನಗರದಲ್ಲಿ ಬೇರೆ ಕಡೆ ಸೇರಿದೆ. ಹೋಗಿ ಮಾತಾಡಿಸಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಸಾರ್ ತೀರಿಕೊಂಡ ಸುದ್ದಿ ಸಿಕ್ಕಿದ್ದೂ ತಿಂಗಳುಗಳ ಮೇಲೆ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ನಾನು ಹೇಳಿದ್ದೇ ಸರಿಯಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಜಗಳ ಆಡಿ ಒಪ್ಪಿಸೋಣ ಅಂದರೆ ಆ ಮನುಷ್ಯರೇ ಇಲ್ಲ.

ಈಗಿನ ಆಫೀಸಿನಲ್ಲಿ ಎಲ್ಲರಿಗೂ ಒಂದೇ ಮೆನು. ನಿನ್ನೆ ಹೇರೋಹಳ್ಳಿಯ ಬೇಕರಿಯವರು ಫೋನ್ ಮಾಡಿ, ಬಿಲ್ ಬಟನ್ ಸ್ವಲ್ಪ ಬಲಗಡೆಗೆ ಹಾಕಿಕೊಡಿ ಮೇಡಂ, ಎಡಗೈಗೆ ಏಟಾಗಿದೆ, ಟಚ್ ಸ್ಕ್ರೀನಲ್ಲಿ ಅಷ್ಟು ದೂರ ಚಾಚೋಕಾಗಲ್ಲ ಅಂದರು. “ಆಗಲ್ಲ ಸಾರ್, ಎಲ್ರಿಗೂ ಹಂಗೇ ಇರೋದು,” ಅಂದೆ. ಅವರು ಸರಿ ಅಂತ ಇಟ್ಟರು. ಆಮೇಲೆ ಸುಮ್ಮನೆ ಡಿಸೈನ್ ತೆರೆದು ಆ ಬಟನ್ನನ್ನು ಬಲಕ್ಕೆ ಎಳೆದಿಟ್ಟು ನೋಡಿದೆ. ಅಲ್ಲಿ ಚೆನ್ನಾಗಿಯೇ ಕೂತಿತ್ತು. ಸ್ವಲ್ಪ ಹೊತ್ತು ನೋಡುತ್ತಿದ್ದು, ಸೇವ್ ಮಾಡದೆ ಮುಚ್ಚಿದೆ.